ಹೊಳೆವ್ವನಿಗೂ ಟೆಸ್ಟೇ?

ಹೋದ ಭಾನುವಾರ ಅಕ್ಕನ ಮನೆಯಲ್ಲಿ ಒಂದು ತಂಬಿಗೆ ನೀರು ಕುಡಿದೆ. ಅವತ್ತಿನಿಂದ ನನಗೆ ಜೀವದಲ್ಲಿ ಜೀವ ಇಲ್ಲ.

ಅಕ್ಕನದು ಕಟಕೋಳ ದಾಟಿದ ಮೇಲೆ ಮಲಪ್ರಭೆ ದಂಡೆಯ ಊರು. ಬೈಲಹೊಂಗಲದಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ಇಳಿದರೆ, ಭಾವ ಸೀದಾ ಹಿತ್ತಲಿಗೇ ಕರೆದೊಯ್ದರು. (ಚಹಾ ಬೇಕೇನು ಅಂತಲೂ ಕೇಳಲಿಲ್ಲ!)

ಬತ್ತಿದ್ದ ಬೋರ್‌ವೆಲ್ ದಬದಬ ನೀರು ಹೊಯ್ಯುತ್ತಿತ್ತು.

"ಬೋರಿನ ಸುತ್ತ ಗುಂಡಿ ತೋಡಿ, ಖಡಿ ಕಲ್ಲು ತುಂಬಿ, ಮಳಿಗಾಲದಾಗ ಹೊಳೀ ನೀರು ಬಿಟ್ಟೆ. ಈಗ ನೋಡ! ಕುಡಿ, ಕುಡಿ!"

ಗಟಗಟ ಕುಡಿದೆ. ರುಚಿ ಚೆನ್ನಾಗೇ ಇತ್ತು.

ಅಷ್ಟರಲ್ಲಿ ರೇಣುಕಾ ಬಂದಳು. ಊರಿನ ಕುಡಿಯುವ ನೀರು ಪರೀಕ್ಷೆ ಮಾಡುವ ಹುಡುಗಿ, ಕೈಯಲ್ಲಿ ಕಿಟ್ ಡಬ್ಬಿ.

"ಬಿಡೂಕಿಂತ ಮೊದ್ಲ ಹೊಳೀ ನೀರ ಟೆಸ್ಟ್ ಮಾಡಿಸಿದ್ರೇನ್ರಿ?"

ಭಾವ ಬಿದ್ದು ಬಿದ್ದು ನಕ್ಕರು. "ಹೊಳೆವ್ವಗ ಎಂಥಾ ಟೆಸ್ಟ್ ತಂಗಿ? ಹಸರ ಗಾಜಿನ ಬಳಿ ಇಟ್ಟು ಉಡಿ ತುಂಬಿ, ಹೊಸ ನೀರು ಬಂದ ದಿನಾನೇ ಬಿಟ್ಟೇನಿ."

ರೇಣುಕಾ ನಗಲಿಲ್ಲ. "ಹೊಸ ನೀರು ಊರೂರ ಗಟಾರ, ಹೊಲದಾಗ ಹುಳಕ್ಕ ಹೊಡದ ಎಣ್ಣಿ, ಎಲ್ಲಾ ಬಳಕೊಂಡು ಬರತೈತ್ರಿ. ಹೊಳ್ಯಾಗ ಇದ್ರ ಹರದು ಹೋಗತೈತಿ. ನೆಲದಾಗ ಇಳಿಸಿದ್ದು ಎಲ್ಲಿ ಹೋಗಬೇಕ್ರಿ?"

ಹಿತ್ತಲ ಬಾಗಿಲಲ್ಲಿ ಅಕ್ಕನ ಮಗಳು ಸುಮಾ ಕೊಡ ತುಂಬಿಕೊಳ್ಳಲು ನಿಂತಿದ್ದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ಏಳು ತಿಂಗಳು.

"ಕುಡೀಬ್ಯಾಡ!" ಎಂದು ಕಿರುಚಿಬಿಟ್ಟೆ.

"ಬಸುರೀನ ಹಂಗ್ಯಾಕ ಹೆದರಸ್ತಿ?" ಅಕ್ಕ ಗದರಿದಳು. ಹೆದರಿದವಳು ನಾನು, ಹೆದರಿಸುವುದೆಲ್ಲಿಂದ ಬಂತು?

ರೇಣುಕಾ ಔಷಧಿ ಹಾಕಿದ ಪುಟ್ಟ ಬಾಟಲಿಗೆ ನೀರು ತುಂಬಿದಳು. ಎರಡು ದಿನದಲ್ಲಿ ಕಪ್ಪಾದರೆ ಗಟಾರದ ಹೊಲಸು ಸೇರಿದೆ ಎಂದರ್ಥ. ಮುಚ್ಚಳ ತಿರುಗಿಸುತ್ತಾ ಕೇಳಿದಳು, "ಹಿಂಗ ಬಿಡ್ರಿ ಅಂತ ಯಾರ ಹೇಳಿದ್ರಿ?"

ಭಾವ ನನ್ನ ಕಡೆ ಕೈ ತೋರಿಸಿದರು. "ಇಕೀನೇ ಪೇಪರಿನ್ಯಾಗ ಬರದಿದ್ಲು."

ಬರೆದಿದ್ದೆ. ಇದೇ ಅಂಕಣದಲ್ಲಿ, ಬೇಸಿಗೆಯಲ್ಲಿ. ಹರಿದು ಹೋಗುವ ನೀರನ್ನು ನೆಲಕ್ಕೆ ಇಳಿಸಿ ಎಂದು ಉದ್ದುದ್ದ ಉಪದೇಶ. ಮೊದಲು ಆ ನೀರನ್ನು ಪರೀಕ್ಷಿಸಿ ಅಂತ ಒಂದು ಸಾಲು? ಇಲ್ಲ. ನನಗಾದರೂ ಎಲ್ಲಿ ಹೊಳೆದಿತ್ತು? ಹೊಳೆ ಅಂದರೆ ಕೈಮುಗಿದೇ ಬೆಳೆದವಳಲ್ಲವೇ ನಾನೂ.

ಮಂಗಳವಾರ ರೇಣುಕಾಳ ಫೋನ್. "ಕರ್ರಗಾತ್ರಿ ಮೇಡಮ್. ಎಣ್ಣಿ ಸೇರೇತೋ ಇಲ್ಲೋ ಅನ್ನೂದು ಬೆಳಗಾವಿ ಲ್ಯಾಬಿನಿಂದ ಬರಬೇಕು. ಬಾಜೂ ಮನೀ ಬೋರಿನ ನೀರೂ ಕಳಸೇನಿ."

ಬಾಜೂ ಮನೆಯದೂ! ನೆಲದೊಳಗೆ ಬೇಲಿ ಇರುವುದಿಲ್ಲವಲ್ಲ.

ಮರುದಿನ ಸುಮಾಳದೇ ಕರೆ. ದನಿ ತೀರಾ ಸಣ್ಣದು. "ಚಿಗವ್ವ, ಈಗೇನೋ ಬ್ಯಾರೆ ನೀರು ತರತಾರ. ಆದ್ರ ಇಷ್ಟ ದಿನ ಕುಡದೇನಲ್ಲ, ಕೂಸಿಗೇನೂ ಆಗೂದಿಲ್ಲಲ್ಲಾ?"

ಡಾಕ್ಟರ್ ಹತ್ತಿರ ಹೋಗು ಎಂದಷ್ಟೇ ಹೇಳಿದೆ. ವಾರವಾರ ಊರಿಗೆಲ್ಲ ಬುದ್ಧಿ ಹೇಳುವವಳು ನಾನು! ಲ್ಯಾಬಿನ ರಿಪೋರ್ಟ್ ಇನ್ನೂ ಬಂದಿಲ್ಲ.

ಓದುಗರೇ, ನನ್ನ ಮಾತು ನಂಬಿ ಹೊಳೆ ನೀರನ್ನು ನೆಲಕ್ಕಿಳಿಸಿದ ಮನೆಗಳು ಇನ್ನೆಷ್ಟಿವೆ?