ಓರೆನೋಟದ ಪಾಠ

ದೂರದರ್ಶಕದೊಳಗೆ ಇಣುಕಿದವರು ಯಾರೂ ‘ಕಾಣಲಿಲ್ಲ’ ಎಂದು ಹೇಳುವುದಿಲ್ಲ. ಏಳೆಂಟು ವರ್ಷ ಆಕಾಶಕ್ಕೆ ಕತ್ತೆತ್ತಿ ಕತ್ತುನೋವು ಸಂಪಾದಿಸಿದ ನಾನು ಸ್ವಂತವಾಗಿ ಕಂಡುಹಿಡಿದ ಖಗೋಳ ನಿಯಮ ಇದೊಂದೇ. ನಮ್ಮ ಕೊಪ್ಪದ ಕಡೆಯವರ ಸೌಜನ್ಯ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ನೆಂಟರ ಮನೆಯಲ್ಲಿ ಉಪ್ಪು ಮರೆತ ಪಲ್ಯವನ್ನು ಎರಡನೆಯ ಸಲ ಬಡಿಸಿಕೊಂಡು, ತಾಂಬೂಲ ಹಾಕಿಕೊಂಡು ಎದ್ದುಬರುವ ಜನ ನಾವು. ಒಮ್ಮೆ ನಿವೃತ್ತ ಪೋಸ್ಟ್‌ಮಾಸ್ತರರೊಬ್ಬರು ನನ್ನ ಹಿತ್ತಲಿಗೆ ಬಂದು ಮಹಾವ್ಯಾಧನ ನೀಹಾರಿಕೆಯನ್ನು ಐದು ನಿಮಿಷ ನೋಡಿ, “ಭಾರೀ ಚಂದ ಕಾಣ್ತದೆ ಮಾರಾಯ್ರೆ” ಎಂದು ಹೊಗಳಿ, ಕಾಫಿ ಕುಡಿದು ಹೋದರು. ಅವರ ಮೊಣಕೈ ತಾಗಿ ಕೊಳವೆ ಪಕ್ಕದ ಮನೆಯ ಹಲಸಿನ ಮರದತ್ತ ವಾಲಿತ್ತೆಂದು ನನಗೆ ಗೊತ್ತಾದದ್ದು ಅವರು ಗೇಟು ದಾಟಿದ ಮೇಲೆ.

ಆ ಕೊಳವೆಯ ವಿಷಯವನ್ನೂ ಒಂದಿಷ್ಟು ಹೇಳಬೇಕು. ಹೊಸ ಶತಮಾನ ಹುಟ್ಟಿ ಎರಡು ವರ್ಷವಾಗಿದ್ದಾಗ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಕೊಂಡು ಸುಮ್ಮನಿರಬಹುದಾಗಿದ್ದ ನನಗೆ ಸ್ವಂತ ದೂರದರ್ಶಕದ ಹುಚ್ಚು ಹತ್ತಿತು. ಹತ್ತು ಇಂಚು ಅಗಲದ ದಪ್ಪ ಗಾಜಿನ ಬಿಲ್ಲೆಯೊಂದನ್ನು ತರಿಸಿ, ಹಿಂಬದಿಯ ಜಗಲಿಯಲ್ಲಿ ಕೂತು, ಎಂಟು ತಿಂಗಳು ಪುಡಿ ಹಾಕಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದೆ. ಅದನ್ನು ಕೂರಿಸಲು ಪ್ಲೈವುಡ್ಡಿನ ಐದಡಿ ಉದ್ದದ ಕೊಳವೆ ಮಾಡಿಕೊಟ್ಟ ಜಯಪುರದ ಬಡಗಿ, “ಇದ್ರಲ್ಲಿ ಎಂತ ತುಂಬಿಸೋದು ಮೇಷ್ಟ್ರೇ?” ಎಂದು ಕೇಳಿದ. ಬೆಳಕು ಎಂದೆ. ಅವನು ಅದಕ್ಕೂ ತಲೆಯಾಡಿಸಿ, ಇಲಿ ಹೋಗದ ಹಾಗೆ ಎರಡು ಕಡೆಗೂ ಮುಚ್ಚಳ ಮಾಡಿಕೊಟ್ಟ.

ನೀಹಾರಿಕೆ ಎಂದ ಕೂಡಲೇ ನಿಮಗೆ ಪತ್ರಿಕೆಗಳಲ್ಲಿ ಬರುವ ಕೆಂಪು ನೀಲಿ ಚಿತ್ರಗಳು ನೆನಪಾಗುತ್ತವೆ. ದಯವಿಟ್ಟು ಅವನ್ನು ಮರೆತುಬಿಡಿ. ಹಿತ್ತಲಿನಲ್ಲಿ ನಿಂತು ಕಣ್ಣನ್ನು ಗಾಜಿಗೆ ಒತ್ತಿದವನಿಗೆ ಕಾಣುವುದು ಕಪ್ಪು ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಉಳಿಯುವ ಬೂದುಬಣ್ಣದ ಗುರುತು, ಅಷ್ಟೆ. ಆ ಗುರುತೂ ನೇರವಾಗಿ ದಿಟ್ಟಿಸಿದರೆ ಕರಗಿಹೋಗುತ್ತದೆ. ಕಣ್ಣಿನ ನಡುಭಾಗ ಅಕ್ಷರ ಓದಲಿಕ್ಕೆ, ಸೂಜಿಗೆ ದಾರ ಪೋಣಿಸಲಿಕ್ಕೆ ಸರಿ. ಮಂದಪ್ರಕಾಶವನ್ನು ಹಿಡಿಯುವ ಶಕ್ತಿ ಇರುವುದು ಅದರ ಅಂಚುಗಳಿಗೆ. ಆದ್ದರಿಂದ ನೀಹಾರಿಕೆಯನ್ನು ನೋಡಬೇಕಾದರೆ ಅದರ ಪಕ್ಕದ ಕತ್ತಲನ್ನು ನೋಡಬೇಕು. ಇದಕ್ಕೆ ಓರೆನೋಟ ಎಂದು ಹೆಸರಿಟ್ಟು, ಬಂದವರಿಗೆಲ್ಲ ಮೇಷ್ಟ್ರ ಗತ್ತಿನಲ್ಲಿ ಕಲಿಸುತ್ತಿದ್ದೆ. ನೇರ ನೋಡಿದವರನ್ನು ಗದರಿದ್ದೂ ಉಂಟು.

ಈ ಪಾಠಶಾಲೆಯ ಮೊದಲ ವಿದ್ಯಾರ್ಥಿನಿ ನನ್ನ ಹೆಂಡತಿ ಜಲಜಾ. ಅಡ್ಡಗದ್ದೆಯ ಹೆಣ್ಣು, ಶೃಂಗೇರಿಯಲ್ಲಿ ಪಿಯುಸಿ ಓದಿದವಳು. ದೀಪಾವಳಿ ಕಳೆದು ಆಕಾಶ ತಿಳಿಯಾದರೆ, ಸಂಜೆ ಕರೆಂಟು ತೆಗೆಯುವ ಹೊತ್ತಿಗೆ ಸರಿಯಾಗಿ ನಾವಿಬ್ಬರೂ ಶಾಲು ಹೊದ್ದು ಹಿತ್ತಲಿಗಿಳಿಯುತ್ತಿದ್ದೆವು. ಊರೆಲ್ಲ ಶಪಿಸುತ್ತಿದ್ದ ಲೋಡ್‌ಶೆಡ್ಡಿಂಗನ್ನು ಮನಸಾರೆ ಹರಸುತ್ತಿದ್ದವನು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಉದ್ದನೆಯ ನೋಟುಬುಕ್ಕಿನಲ್ಲಿ ಎರಡು ಅಂಕಣ ಗೆರೆ ಎಳೆದು, ಒಂದರಲ್ಲಿ ನನಗೆ ಕಂಡದ್ದನ್ನೂ ಇನ್ನೊಂದರಲ್ಲಿ ಅವಳಿಗೆ ಕಂಡದ್ದನ್ನೂ ಬರೆಯುವುದು ನನ್ನ ಕ್ರಮ. ಮೊದಲ ವರ್ಷದ ಅವಳ ಅಂಕಣ ನನ್ನದಕ್ಕಿಂತ ಶ್ರೀಮಂತವಾಗಿದೆ. ಮಹಾವ್ಯಾಧನ ನೀಹಾರಿಕೆಯ ಎದುರು ‘ಕೋಳಿ ರೆಕ್ಕೆ ಬಿಚ್ಚಿದ ಹಾಗೆ, ಎಡರೆಕ್ಕೆ ಉದ್ದ, ನಡುವೆ ನಾಲ್ಕು ಚುಕ್ಕಿ’ ಎಂದಿದೆ. ಪುಷ್ಯದ ತಾರಾಗುಚ್ಛಕ್ಕೆ ‘ರವೆ ಚೆಲ್ಲಿದೆ, ಗುಡಿಸಬೇಕು’ ಎಂದಿದೆ.

ನಾಲ್ಕನೆಯ ವರ್ಷ ಅವಳ ಅಂಕಣ ಬಡವಾಗತೊಡಗಿತು. ನಾನು ಅದನ್ನು ಆಸಕ್ತಿ ಕುಂದಿದ ಲಕ್ಷಣವೆಂದುಕೊಂಡೆ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಗಂಡಂದಿರಿಗೆ ಇಂಥ ವ್ಯಾಖ್ಯಾನಗಳು ಸುಲಭವಾಗಿ ಹೊಳೆಯುತ್ತವೆ. ಒಂದು ಸಂಜೆ ಅವಳು, “ನೇರ ನೋಡಿದ್ರೆ ಒಂಚೂರು ಕಾಣ್ತದೆ, ಓರೆ ನೋಡಿದ್ರೆ ಹೋಗ್ತದೆ” ಎಂದಳು. ಇದು ಶಾಸ್ತ್ರಕ್ಕೆ ತೀರಾ ವಿರುದ್ಧವಾದ ಮಾತು. ಆದರೂ ಇದ್ದದ್ದನ್ನು ಇದ್ದ ಹಾಗೆ ಬರೆಯುವ ಪ್ರಾಮಾಣಿಕತೆಯಿಂದ ಅದನ್ನು ಬರೆದುಕೊಂಡು, ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ತಪ್ಪು’ ಎಂದು ಷರಾ ಹಾಕಿದೆ. ಆಮೇಲೆ ಅವಳನ್ನು ಅರ್ಧ ಗಂಟೆ ಚಳಿಯಲ್ಲಿ ನಿಲ್ಲಿಸಿ ಓರೆನೋಟದ ಅಭ್ಯಾಸ ಮಾಡಿಸಿದೆ. ಅರ್ಧ ಗಂಟೆಯ ಕೊನೆಯಲ್ಲಿ “ಹ್ಞಾಂ, ಕಂಡ್ತು” ಎಂದಳು. ಅಲ್ಲಿಂದ ಮುಂದೆ ಮೂರು ವರ್ಷ ಅವಳ ಅಂಕಣದಲ್ಲಿ ಆ ಒಂದೇ ಪದವಿದೆ. ಕಂಡಿತು, ಕಂಡಿತು, ಕಂಡಿತು.

ಆ ಮೂರು ವರ್ಷಗಳಲ್ಲಿ ಅವಳು ಹಿತ್ತಲಿನ ಮೆಟ್ಟಿಲಿನಲ್ಲಿ ಎರಡು ಸಲ ಮುಗ್ಗರಿಸಿ ಬಿದ್ದಳು. ಟಾರ್ಚು ಹಾಕಿದರೆ ಕತ್ತಲಿಗೆ ಒಗ್ಗಿದ ಕಣ್ಣು ಕೆಡುತ್ತದೆಂದು ಟಾರ್ಚನ್ನು ನಿಷೇಧಿಸಿದ್ದವನು ನಾನೇ ಆದ್ದರಿಂದ, ಬಿದ್ದದ್ದಕ್ಕೆ ಕತ್ತಲೆಯನ್ನು ಹೊಣೆ ಮಾಡಿದೆವು. ಹಗಲಿನಲ್ಲೂ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿಟ್ಟ ಲೋಟ ಕೈ ತಗುಲಿ ಉರುಳುತ್ತಿತ್ತು. ಲಕ್ಷಗಟ್ಟಲೆ ಜ್ಯೋತಿರ್ವರ್ಷ ದೂರದ ಮಸುಕನ್ನು ಹುಡುಕಿ ತೆಗೆಯುವ ನನಗೆ ಇವು ಯಾವುವೂ ಕಾಣಲಿಲ್ಲ ಎಂದು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಬಾಳೆಹೊನ್ನೂರಿನಲ್ಲಿ ಒಂದು ಉಚಿತ ಕಣ್ಣಿನ ಶಿಬಿರ ನಡೆದಾಗ, ಹೊಲಿಗೆಗೆ ಕನ್ನಡಕ ಬೇಕೆಂದು ಅವಳೇ ಹೊರಟಳು. ಅಲ್ಲಿದ್ದ ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕನ್ನಡಕದ ಮಾತೆತ್ತದೆ, ಶಿವಮೊಗ್ಗದ ದೊಡ್ಡ ಡಾಕ್ಟರಿಗೆ ಚೀಟಿ ಬರೆದರು. ಶಿವಮೊಗ್ಗದಲ್ಲಿ ಒಂದು ಯಂತ್ರ. ಬಿಳಿ ಬೋಗುಣಿಯಂಥ ಅದರ ಬಾಯಿಗೆ ಗಲ್ಲ ಆನಿಸಿ, ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಕತ್ತಲ ಕೋಣೆಯ ಮೂಲೆಯಲ್ಲಿ ಕುಳಿತು ನೋಡುತ್ತಿದ್ದ ನನಗೆ ಅವಳು ನಮ್ಮ ಹಿತ್ತಲಿನಲ್ಲಿ ನಿಂತ ಹಾಗೆಯೇ ಕಂಡಳು. ಹತ್ತು ನಿಮಿಷವಾಗಿರಬಹುದು, ಪರೀಕ್ಷೆ ಮಾಡುತ್ತಿದ್ದ ಹುಡುಗಿ ಯಂತ್ರ ನಿಲ್ಲಿಸಿ, “ಅಮ್ಮ, ನೀವು ಬೆಳಕು ಬರದಿದ್ದಾಗಲೂ ಒತ್ತುತ್ತಾ ಇದ್ದೀರಿ” ಎಂದಳು. ಜಲಜಾ ಮುಖ ಎತ್ತಿ, “ಕಂಡ್ರೆ ಮಾತ್ರ ಒತ್ತೋದಾ?” ಎಂದು ಕೇಳಿದಳು.

ಆ ಪ್ರಶ್ನೆಗೆ ಹುಡುಗಿ ನಕ್ಕಳು. ಮೂರು ವರ್ಷ ನಾನು ಕಲಿಸಿದ್ದು ಏನೆಂಬುದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಎರಡನೆಯ ಸಲ ಅವಳು ಕಂಡಾಗ ಮಾತ್ರ ಒತ್ತಿದಳು. ಯಂತ್ರದಿಂದ ಹೊರಬಂದ ಕಾಗದದಲ್ಲಿ ಎರಡು ವೃತ್ತಗಳಿದ್ದವು. ನಡುವೆ ನಾಣ್ಯದಗಲದ ಬಿಳಿ ಇದ್ದರೆ ಹೆಚ್ಚು, ಸುತ್ತಲೂ ಕಪ್ಪು. ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ಏರಿ ನರ ಸಾಯುತ್ತದೆ, ನೋವಿರುವುದಿಲ್ಲ, ಮೊದಲು ಅಂಚುಗಳು ಹೋಗುತ್ತವೆ, ಹೋದದ್ದು ಬರುವುದಿಲ್ಲ, ಹನಿ ಹಾಕಿ ಇದ್ದದ್ದನ್ನು ಉಳಿಸಿಕೊಳ್ಳಲು ನೋಡಬೇಕು. ಎಲ್ಲ ಹೇಳಿ, “ಯಾವಾಗಿಂದ ಹೀಗೆ?” ಎಂದು ಕೇಳಿದರು. ಸಾಮಾನ್ಯವಾಗಿ ಯಾವ ಮನೆಯವರಿಗೂ ಉತ್ತರ ಗೊತ್ತಿರದ ಪ್ರಶ್ನೆ ಅದು. ನನ್ನಲ್ಲಿ ಉತ್ತರ ತಾರೀಖು ಸಮೇತ, ಕೆಂಪು ಶಾಯಿಯ ಗೆರೆ ಸಮೇತ ಇತ್ತು. ಹೇಳಿದೆ.

ಹೋದ ಅಂಚುಗಳಿಂದಲೇ ನೋಡು ಎಂದು ನಾನು ಅವಳಿಗೆ ಹಠ ಹಿಡಿದು ಹೇಳುತ್ತಿದ್ದೆ. ಅವಳು ಹೇಳಿದ ಒಂದು ನಿಜವನ್ನು ತಪ್ಪು ಎಂದು ತಿದ್ದಿದೆ. ಆ ಸಂಜೆಯೇ ಕರೆದುಕೊಂಡು ಹೋಗಿದ್ದರೆ ಎಷ್ಟೋ ಉಳಿಯುತ್ತಿತ್ತೆಂದು ಡಾಕ್ಟರು ನನ್ನ ಮುಖ ನೋಡಿ ಹೇಳಲಿಲ್ಲ, ಚೀಟಿ ಬರೆಯುತ್ತಾ ಹೇಳಿದರು. ಶಿವಮೊಗ್ಗದಿಂದ ನರಸಿಂಹರಾಜಪುರದ ಮೇಲೆ ಬರುವ ಬಸ್ಸು ಹತ್ತಿದೆವು. ಊರು ಹತ್ತಿರವಾದಾಗ, ಕಾಣದಿದ್ದರೂ ಕಂಡಿತೆಂದು ಯಾಕೆ ಹೇಳುತ್ತಿದ್ದೆ ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ. “ಕಾಣ್ಲಿಲ್ಲ ಅಂದ್ರೆ ಮತ್ತೆ ಅರ್ಧ ಗಂಟೆ ನಿಲ್ಲಿಸ್ತಿದ್ರಿ, ಕಾಲು ಹಿಡಿತಿತ್ತು” ಎಂದಳು. ಆಮೇಲೆ, “ನಂಗೆ ಅಭ್ಯಾಸ ಸಾಲ್ದು ಅಂದ್ಕೊಂಡಿದ್ದೆ” ಎಂದಳು.

ಎರಡು ಚಳಿಗಾಲ ಕೊಳವೆಯ ಮುಚ್ಚಳ ತೆಗೆಯಲಿಲ್ಲ. ಬೆಳಿಗ್ಗೆ ಸಂಜೆ ಅವಳ ಕಣ್ಣಿಗೆ ಹನಿ ಹಾಕುವುದು ನನ್ನ ಕೆಲಸವಾಯಿತು. ಹನಿ ಬಿದ್ದ ಮೇಲೆ ಒಂದು ನಿಮಿಷ ಕಣ್ಣು ಮುಚ್ಚಿ ಮೂಗಿನ ಬುಡ ಒತ್ತಿ ಹಿಡಿಯಬೇಕು. ಆ ಒಂದು ನಿಮಿಷ ಬಹಳ ಉದ್ದ. ಆರು ತಿಂಗಳಿಗೊಮ್ಮೆ ಶಿವಮೊಗ್ಗದ ಕಾಗದದಲ್ಲಿ ಬಿಳಿ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತಿತ್ತು. ಹನಿ ಬದಲಾಯಿಸಿದರು, ಆಪರೇಷನ್ನೂ ಆಯಿತು.

ಹೋದ ಪುಷ್ಯ ಮಾಸದಲ್ಲಿ, ಸಂಜೆ ಏಳರ ಸುಮಾರಿಗೆ, ಕರೆಂಟು ಹೋದಾಗ ಅವಳೇ ಹಿತ್ತಲ ಬಾಗಿಲು ತೆಗೆದು ನಿಂತಳು. “ಒಂದ್ಸಲ ತೋರ್ಸಿ” ಎಂದಳು. ನಾನು ಕೊಳವೆಯನ್ನು ಹೊರಗೆಳೆದು ನೆತ್ತಿಯ ಮೇಲಿದ್ದ ಕೃತ್ತಿಕೆಗೆ ತಿರುಗಿಸಿದೆ. ಟಾರ್ಚು ಹಾಕಿ, ಕೈಹಿಡಿದು ಮೆಟ್ಟಿಲಿಳಿಸಿದೆ. ಬೆರಳಿನಿಂದ ತಡಕಿ ಗಾಜಿನ ಜಾಗ ಹುಡುಕಿಕೊಂಡವಳು ಕಣ್ಣಿಡುವ ಮುಂಚೆ ನನ್ನ ಕಡೆ ತಿರುಗಿ, “ನೇರ ನೋಡ್ಲಾ?” ಎಂದು ಕೇಳಿದಳು.

ನೇರವೇ ನೋಡು ಎಂದೆ. ಅವಳು ಬಗ್ಗಿ ನೋಡಿದಳು. ನನ್ನ ಕಣ್ಣಿಗೆ ಎಣಿಸಲಾರದಷ್ಟು ನಕ್ಷತ್ರಗಳಿದ್ದ ಜಾಗ ಅದು. ಅವಸರಿಸಲಿಲ್ಲ, ಕಲಿಸಲಿಲ್ಲ. ಬಹಳ ಹೊತ್ತಿನ ಮೇಲೆ “ಮೂರಿದೆ” ಎಂದಳು. ಮತ್ತೆ ಕಣ್ಣಿಟ್ಟು, ಈ ಸಲ ಇನ್ನೂ ಜಾಗ್ರತೆಯಿಂದ ನೋಡಿ, “ಅಲ್ಲ, ಎರಡು” ಎಂದು ತಾನೇ ತಿದ್ದಿಕೊಂಡಳು. ನಾನು ಪುಸ್ತಕ ತಂದು ಅವಳ ಅಂಕಣದಲ್ಲಿ ಎರಡು ಎಂದು ಬರೆದೆ.