ಸೀರೆಯಲ್ಲಿ ಸಿಗದ ಕೂದಲು

ಅವ್ವ ಮಗ್ಗದಿಂದ ಬಿಚ್ಚಿದ ಕಡುನೀಲಿ ರೇಷ್ಮೆ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಗೇಣು ಗೇಣಾಗಿ ಸರಿಸುತ್ತ ನಾಯಿಕೂದಲು ಹುಡುಕುತ್ತಿದ್ದಳು. ನಮ್ಮ ಬಿಳಿ ನಾಯಿ ಬೆಳ್ಳ ಹೊರಗೆ ಕಟ್ಟೆಯ ಮೇಲೆ ಮಲಗಿದ್ದ. ಹಿಂದಿನ ಸೀರೆಯ ಸೆರಗಿನಲ್ಲಿ ಅವನ ಕೂದಲು ನೂಲಿನ ಜೊತೆಗೇ ನೇಯ್ದುಹೋಗಿತ್ತು.

"ಈ ಸೀರೇಲೂ ಒಂದು ಸಿಕ್ರೆ, ನಾಯಿನ ರಾಂಪುರಕ್ಕೆ ನಿಮ್ಮಾವನ ಹೊಲಕ್ಕೆ ಬಿಟ್ಟು ಬರ್ತೀಯ" ಎಂದಿದ್ದಳು ಅವ್ವ.

ಹಿಂದಿನ ಸಲ ತಪ್ಪು ಮಾಡಿದ್ದು ನಾನೇ. ಚಳ್ಳಕೆರೆಯಿಂದ ತಂದ ತಂತಿ ಬ್ರಷ್ಷಿನಿಂದ, ಬೆಳಕು ಚೆನ್ನಾಗಿದೆಯೆಂದು ಮಗ್ಗದ ಕೋಣೆಯ ಬಾಗಿಲಲ್ಲೇ ಕೂತು ಅವನನ್ನು ಬಾಚಿದ್ದೆ. ಹಾರಿದ ಕೂದಲೆಲ್ಲ ಮಗ್ಗಕ್ಕೆ ಬಿಗಿದಿದ್ದ ಎಳೆಗಳ ಮೇಲೆ ಹೋಗಿ ಕೂತಿತ್ತು. ಈ ಸಲ ದಿನಾ ಹಿತ್ತಿಲಿಗೆ ಒಯ್ದು ಬಾಚಿ, ಆಮೇಲೆ ಒದ್ದೆ ರಬ್ಬರ್ ಗ್ಲೌಸ್ ಹಾಕಿಕೊಂಡು ಅವನ ಮೈಯೆಲ್ಲ ಸವರಿದ್ದೆ. ಸಡಿಲ ಕೂದಲು ಹಾರದೆ ಕೈಗೇ ಅಂಟಿಕೊಂಡಿತ್ತು. ಇವತ್ತೂ ಹಾಗೇ ಸವರಿ, ಗ್ಲೌಸ್ ಬಿಚ್ಚದೆ ಬಂದು ಅವ್ವನ ಮುಂದೆ ನಿಂತಿದ್ದೆ.

ಸೀರೆಯ ಕೊನೆಯ ಅಂಚೂ ಅವ್ವನ ಬೆರಳು ದಾಟಿತು.

"ಸಿಕ್ತೇನವ್ವ?"

"ಇದ್ರಲ್ಲಿ ಏನೂ ಇಲ್ಲ ಕಣಪ್ಪ. ನಿನ್ನ ಅಂಗೀಲಿ ಐತೆ ನೋಡು, ಇನ್ನೊಂದು ನಾಯಿಗೆ ಆಗೋಷ್ಟು. ಅದನ್ನ ಹೊರಗೇ ಬಿಚ್ಚಿಟ್ಟು ಬಾ. ಬೆಳ್ಳ ಇಲ್ಲೇ ಇರ್ಲಿ."

ಆ ಮಾತು ಕೇಳಿ ಬೆಳ್ಳ ಎದ್ದು ಬಾಲ ಆಡಿಸಿದ ಎಂದು ನನ್ನ ನೆನಪು ಹೇಳುತ್ತದೆ. ಅದನ್ನು ನಂಬಬೇಡಿ, ಅವನು ಗೊರಕೆ ಹೊಡೆಯುತ್ತಿದ್ದ. ಬರಿಮೈಯಲ್ಲಿ, ಕೈಗೆ ಒದ್ದೆ ಗ್ಲೌಸ್ ಹಾಕಿಕೊಂಡೇ ಬೀದಿಯಲ್ಲಿ ಕುಣಿದವನು ನಾನು.