ಬದಲಿಗೆ ಬ್ಯಾಟು ಹಿಡಿಯುವವರು

ಇವತ್ತು ಬೆಳಿಗ್ಗೆ ಕಪಾಟಿನಲ್ಲಿ ಕಡಲೆಬೇಳೆ ಹುಡುಕುವಾಗ ನೀಲಿ ಮುಚ್ಚಳದ ಡಬ್ಬವೊಂದು ಕೈಗೆ ಬಂತು. ತೆರೆದರೆ ಇನ್ನೂ ಏಲಕ್ಕಿ ವಾಸನೆ. ಕೊಲ್ಲಿಯ ಆಚೆ ದಡದ ವಾಲ್ನಟ್ ಕ್ರೀಕಿನಲ್ಲಿರುವ ನನ್ನ ಗೆಳತಿ ಶಾಹೀನಳದು. ಖಾಲಿ ಡಬ್ಬ ವಾಪಸು ಕೊಡಬಾರದೆಂದು ಇಬ್ಬರ ಅಮ್ಮಂದಿರೂ ಮೈಸೂರಿನಲ್ಲೇ ಹೇಳಿ ಕಳಿಸಿದ್ದಾರೆ. ಹಾಗಾಗಿ ಅವಳದೊಂದು ಸದಾ ನನ್ನಲ್ಲಿ, ನನ್ನದೊಂದು ಅವಳಲ್ಲಿ.

ನಿಮಗೆ ಬೇಸ್‌ಬಾಲ್ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ನಾನೂ ಭಾನುವಾರ ಎರಡೂ ಮನೆಯವರು ಟಿವಿ ಮುಂದೆ ಸೇರಿದಾಗ ಊಟ ಬಡಿಸುತ್ತಲೇ ಕಲಿತದ್ದು. ಕೊಲ್ಲಿಯ ಈಚೆ, ಅಂದರೆ ನಮ್ಮ ಸ್ಯಾನ್ ಮಟಿಯೋ ಕಡೆಯ ಟೀಮು ಒಂದು ಲೀಗಿನದು, ಆಚೆಯದು ಇನ್ನೊಂದರದು. ಆಗೆಲ್ಲ ನಮ್ಮ ಲೀಗಿನಲ್ಲಿ ಚೆಂಡು ಎಸೆಯುವವನೇ ಸರದಿ ಬಂದಾಗ ಬ್ಯಾಟೂ ಹಿಡಿಯಬೇಕಿತ್ತು. ಹಿಡಿದು, ಸಾಮಾನ್ಯವಾಗಿ ಔಟಾಗಿ ಬರುತ್ತಿದ್ದ. ಅವರಲ್ಲಿ ಅವನ ಬದಲು ಬಾರಿಸುವುದಕ್ಕೆಂದೇ ಒಬ್ಬನಿರುತ್ತಿದ್ದ. ಎರಡು ಲೀಗು ಎದುರಾದರೆ ಹೆಚ್ಚಾಗಿ ಗೆಲ್ಲುತ್ತಿದ್ದದ್ದೂ ಅವರೇ.

“ಸಿಂಪಲ್ಲು ರಾಯರೇ,” ಅನ್ನುತ್ತಿದ್ದರು ಶಾಹೀನಳ ಗಂಡ ಇಮ್ತಿಯಾಜ್. “ಎಸೆಯೋನು ಎಸೀಲಿ, ಬಾರಿಸೋನು ಬಾರಿಸ್ಲಿ. ಅದಕ್ಕೇ ನಮ್ಮ ಲೀಗು ಸ್ಟ್ರಾಂಗು.”

“ಅದು ಸೋಮಾರಿತನ ಸಾಹೇಬ್ರೇ. ನಮ್ಮಲ್ಲಿ ಅವರವರ ಕೆಲಸ ಅವರವರೇ ಮಾಡ್ಕೋತಾರೆ,” ಎನ್ನುತ್ತಾ ನಮ್ಮವರು ಖಾಲಿ ತಟ್ಟೆಯನ್ನು ನನ್ನ ಕಡೆ ಚಾಚುತ್ತಿದ್ದರು. ನಾನು ತೆಗೆದುಕೊಂಡು ಹೋಗಿ ಸಿಂಕಿನಲ್ಲಿಡುತ್ತಿದ್ದೆ.

ಒಂದು ಭಾನುವಾರ ಮಾತು ಅತಿಯಾಯಿತು. “ನಿಮ್ಮದು ಬಾಡಿಗೆ ಬ್ಯಾಟಿನ ಲೀಗು. ಅದನ್ನ ಮೆಚ್ಚೋರೂ ಹಾಗೇ,” ಅಂದುಬಿಟ್ಟರು ಇವರು. ಇಮ್ತಿಯಾಜ್ ಪಾಯಸ ಅರ್ಧಕ್ಕೇ ಬಿಟ್ಟು, ಟೋಪಿ ಹಾಕಿಕೊಂಡು ಎದ್ದರು. ಶಾಹೀನಳೂ ಹಿಂದೆಯೇ ಹೊರಟಳು. ಈ ಊರಿನಲ್ಲಿ ನಾನು ಒಂದು ವಾಕ್ಯವನ್ನು ಪೂರ್ತಿ ಕನ್ನಡದಲ್ಲಿ ಮುಗಿಸುವುದು ಶಾಹೀನಳ ಹತ್ತಿರ ಮಾತ್ರ. ಮಕ್ಕಳು ಅರ್ಧಕ್ಕೇ ‘ಓಕೆ ಮಾಮ್’ ಎಂದು ಎದ್ದುಹೋಗುತ್ತವೆ.

ಮರುದಿನ ಫೋನು ಮಾಡಿದೆ. ತಪ್ಪು ಮಾಡದೆಯೂ ಸಾರಿ ಕೇಳುವುದನ್ನು ಕಾನ್ವೆಂಟಿನ ಸಿಸ್ಟರುಗಳು ಬಹಳ ಚೆನ್ನಾಗಿ ಕಲಿಸಿದ್ದರು.

“ಇವರ ಬದಲು ನಾನು ಸಾರಿ ಕಣೇ.”

“ನಮ್ಮನೆಯವರ ಬದಲು ನಾನೂ,” ನಕ್ಕಳು ಶಾಹೀನ. “ನನ್ನ ಡಬ್ಬ ನಿನ್ನ ಹತ್ರಾನೇ ಇದೆ. ಭಾನುವಾರ ತಗೊಂಡು ಬಾ.”

ಆಮೇಲೂ ಎಷ್ಟು ಸಲ ಹೀಗಾಯಿತೋ. ನಮ್ಮವರು ಹೊಗಳುತ್ತಿದ್ದದ್ದು ಒಂದು ಲೀಗನ್ನು, ಸಂಸಾರ ಮಾಡುತ್ತಿದ್ದದ್ದು ಇನ್ನೊಂದರಲ್ಲಿ. ನಾನು ಯಾವತ್ತೂ ಹೇಳಲು ಹೋಗಲಿಲ್ಲ.

ಈಗ ಎರಡೂ ಲೀಗಿಗೆ ಒಂದೇ ನಿಯಮ. ಎಲ್ಲ ಕಡೆಯೂ ಬದಲಿಯವನೇ ಬಾರಿಸುತ್ತಾನೆ. ನಮ್ಮವರು ಒಂದು ವಾರ ಸೂತಕದ ಮನೆಯವರಂತೆ ಓಡಾಡಿದರು. ಆಮೇಲೆ ಇಮ್ತಿಯಾಜರ ಟೀಮನ್ನು ಅದರ ಮಾಲೀಕ ಬೇರೆ ಊರಿಗೇ ಎತ್ತಿಕೊಂಡು ಹೋದ. ಅಂದಿನಿಂದ ಅವರು ಭಾನುವಾರ ಇತ್ತ ಬರುತ್ತಿಲ್ಲ. ಟಿವಿ ಹಾಕುವುದಿಲ್ಲವಂತೆ, ಮಾತೂ ಕಮ್ಮಿಯಂತೆ. ನಾನು ಮೂರು ಸಲ ಫೋನಿನಲ್ಲಿ ಕರೆದೆ. ಎಷ್ಟೋ ವರ್ಷ ಬದಲಿಗೆ ಬಾರಿಸಿ ಪಳಗಿದ ಕೈ. ಈ ಸಲ ಒಂದೂ ತಾಗಲಿಲ್ಲ.

ಡಬ್ಬ ಹಿಡಿದು ನಿಂತಿದ್ದಾಗ ಇವರು ಅಡುಗೆಮನೆಗೆ ಬಂದರು.

“ಇನ್ನೊಂದ್ಸಲ ಫೋನ್ ಮಾಡಿ ನೋಡ್ಲಾ?” ಅಂದೆ.

“ಬೇಡ. ನಾನೇ ಹೋಗ್ತೀನಿ.”

“ಹೋಗಿ ಏನಂತ ಹೇಳ್ತೀರಿ?”

“ಗೊತ್ತಿಲ್ಲ,” ಎಂದು ಡಬ್ಬ ತೆಗೆದುಕೊಂಡರು. “ನಿಮ್ಮ ಲೀಗೇ ಸ್ಟ್ರಾಂಗು ಅಂತೀನಿ.”

ನಿನ್ನೆ ಕರಿದಿದ್ದ ಕೋಡುಬಳೆಯನ್ನು ತಾವೇ ತುಂಬಿದರು, ಅರ್ಧಕ್ಕರ್ಧ ಮುರಿದು. ಮುಚ್ಚಳದ ಒಂದು ಮೂಲೆ ಎದ್ದೇ ಇತ್ತು. ಒತ್ತಲು ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಸೇತುವೆ ದಾಟುವಷ್ಟರಲ್ಲಿ ಕೋಡುಬಳೆ ಮೆತ್ತಗಾಗಿರುತ್ತದೆ. ಆಗಲಿ.